ಮನೆಗೊಂದು ಗಂಗಾಳ

ನಮ್ಮ ದಾದಿ ಹೇಳುವ ಬಾವಿಯ ಕಥೆಯಲ್ಲಿ ಕಳುವಾಗುವ ಸಾಮಾನು ಪ್ರತಿ ಸಲವೂ ಬೇರೆ. ಒಮ್ಮೆ ಸೌಟು, ಒಮ್ಮೆ ಮುಚ್ಚಳ. ನಾನು ಜ್ವರ ಬಂದು ಮಲಗಿದ್ದಾಗ ಮಾತ್ರ ಬೆಳ್ಳಿಯ ಬೋಗುಣಿ. ಉಳಿದದ್ದೆಲ್ಲ ಹಾಗೇ ಇರುತ್ತಿತ್ತು. ಒಂದು ಊರು, ಆ ಊರಿಗೊಂದು ಮೆಟ್ಟಿಲಿನ ಬಾವಿ. ಬಡವರ ಮನೆಯಲ್ಲಿ ಮದುವೆ ಗೊತ್ತಾದರೆ ಮನೆಯ ಹೆಂಗಸು ಸಂಜೆ ಬಾವಿಯ ದಂಡೆಗೆ ಹೋಗಿ ಊದುಬತ್ತಿ ಹಚ್ಚಿ, "ಬಾವೆವ್ವಾ, ನಾಳೆ ನನ್ನ ಮಗಳ ಮದಿವಿ, ಮರ್ಯಾದಿ ಉಳಸು" ಅಂದರೆ ಸಾಕು. ಬೆಳಗಾಗುವಷ್ಟರಲ್ಲಿ ಮೆಟ್ಟಿಲ ಮೇಲೆ ಕೊಪ್ಪರಿಗೆ, ಪರಾತ, ಗಂಗಾಳ, ತಂಬಿಗೆ ಎಲ್ಲವೂ ಸಾಲಾಗಿ ಕೂತಿರುತ್ತಿದ್ದವು. ಊಟ ಮುಗಿದ ಮೇಲೆ ತೊಳೆದು ಮತ್ತೆ ಅಲ್ಲೇ ಇಟ್ಟರೆ ಬಾವಿ ಒಳಗೆ ಕರೆದುಕೊಳ್ಳುತ್ತಿತ್ತು. ಹೀಗೆ ನಡೆದಿರುವಾಗ ಆಸೆಬುರುಕಿಯೊಬ್ಬಳು ಒಂದು ಸಾಮಾನನ್ನು ಮನೆಯಲ್ಲೇ ಉಳಿಸಿಕೊಂಡಳು. ಅಂದಿನಿಂದ ಬಾವಿ ಕೊಡುವುದನ್ನು ಬಿಟ್ಟಿತು. ಸಿಹಿಯಿದ್ದ ನೀರು ಉಪ್ಪಾಯಿತು.

"ಯಾವ ಊರು ದಾದಿ ಅದು?" ಎಂದು ಕೇಳಿದರೆ, "ಕಥಿ ಊರು. ನಿಮ್ಮಪ್ಪನ ಗಾಡಿ ಅಲ್ಲಿಗೆ ಹೋಗಂಗಿಲ್ಲ" ಅನ್ನುತ್ತಿದ್ದಳು.

ದಾದಿ ಅಂದರೆ ನಮ್ಮಪ್ಪನ ತಾಯಿ ಮುನ್ನಿಬೀ. ಅಪ್ಪ ಮಲೀಕಸಾಬನ ಗಾಡಿ ಸಿಂಧನೂರಿನ ರೈಸ್ ಮಿಲ್ಲುಗಳಿಂದ ಅಕ್ಕಿ ಚೀಲ ಹೊರುವ ಗೂಡ್ಸ್ ಆಟೋ. ನಾನು ಅತೀಯಾ. ಪಾಮನಕಲ್ಲೂರಿನ ನಮ್ಮ ಮನೆಯ ಮುಂಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ನನ್ನ ಕೈ ಹೊಲಿಯುವಾಗ ತಲೆ ಬೇರೆಲ್ಲೋ ಇರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಎಡ ತೋಳನ್ನು ಬಲಕ್ಕೆ ಹಚ್ಚಿ ಕೊಟ್ಟದ್ದೂ ಉಂಟು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯ ಆದೆಮ್ಮನ ಎಮ್ಮೆ ಮೇವು ಬಿಟ್ಟು ಹೊಟ್ಟೆ ಉಬ್ಬಿಸಿಕೊಂಡು ನಿಂತುಬಿಟ್ಟಿತು. ಮಸ್ಕಿಯಿಂದ ದನದ ಡಾಕ್ಟರು ಬಂದು ಹೊಟ್ಟೆ ಕೊಯ್ದು ನೋಡಿದರೆ ಒಳಗಿನಿಂದ ಅರ್ಧ ಮದುವೆಯೇ ಹೊರಬಂತು. ಪ್ಲಾಸ್ಟಿಕ್ ಹಾಳೆಯ ತಾಟಿನ ಚೂರು, ಥರ್ಮಾಕೋಲ್, ಚಮಚ, ಐಸ್‌ಕ್ರೀಮಿನ ಕಪ್ಪು, ಒಡೆದ ಬಲೂನು ಕೂಡ. ಮದುವೆಯಾದ ಮರುದಿನ ಎಲ್ಲರೂ ಎಲೆ-ತಾಟುಗಳನ್ನು ಹಳ್ಳದ ದಂಡೆಗೆ ಸುರಿಯುತ್ತಿದ್ದರು. ಸಾರಿನ ವಾಸನೆಗೆ ದನಗಳು ಅದನ್ನೇ ಮೇಯುತ್ತಿದ್ದವು. ಎಮ್ಮೆ ಬದುಕಿತು. ಆದೆಮ್ಮ ಅದರ ಕುತ್ತಿಗೆ ತಬ್ಬಿಕೊಂಡು, "ನೀ ಬಾಯಿಲ್ಲದ್ದು, ನಮಗರ ಬುದ್ಧಿ ಬ್ಯಾಡೇನು" ಎಂದು ಅತ್ತದ್ದನ್ನು ನಾನೂ ಅವಳ ಮಗಳು ಮಹಾಲಕ್ಷ್ಮಿಯೂ ನೋಡಿದೆವು. ಮಹಾಲಕ್ಷ್ಮಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಆಕೆಯ ಮದುವೆ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವ ಹುಡುಗನ ಜೊತೆ ಆಗಲೇ ಗೊತ್ತಾಗಿತ್ತು.

"ನನ್ನ ಮದಿವ್ಯಾಗ ಆ ಹಾಳ ತಾಟು ಬಂದ್ರ ನಾ ಹಸಿಮಣಿ ಏರಂಗಿಲ್ಲ ನೋಡು" ಅಂದಳು.

"ಹಂಗಾರ ಬಾವೆವ್ವನ್ನ ಕೇಳೋಣು" ಅಂದೆ ನಾನು.

ಆಕೆ ನಕ್ಕಳು. ನಾನು ನಗಲಿಲ್ಲ. ನಮ್ಮೂರಲ್ಲಿ ಗಂಗಾಳವಿಲ್ಲದ ಮನೆಯೇ ಇಲ್ಲ. ಅಂಚು ಎತ್ತರದ, ಸಾರು ಚೆಲ್ಲದ ಅಗಲ ತಾಟುಗಳವು. ಮದುವೆಗೆ ಬಂದವರೆಲ್ಲ ಆಯೇರಿ, ಅಂದರೆ ಉಡುಗೊರೆ ಎಂದು ಪಾತ್ರೆ-ಭಾಂಡೆ ಕೊಡುತ್ತಾರೆ. ಕೊಡುವ ಮೊದಲು ಸಿಂಧನೂರಿನ ಅಂಗಡಿಯಲ್ಲಿ ಯಂತ್ರದಿಂದ ತಮ್ಮ ಹೆಸರನ್ನೋ ಪಡೆಯುವವರ ಹೆಸರನ್ನೋ ಕೊರೆಸುತ್ತಾರೆ. ಹಾಗೆ ಬಂದ ಗಂಗಾಳಗಳು ಅಟ್ಟದ ಮೇಲೆ ಬೋರಲು ಬಿದ್ದಿರುತ್ತವೆ. ಮನೆಗೊಂದು ಕೊಟ್ಟರೆ ಊರಿಗೇ ಒಂದು ಬಾವಿಯಾಗುವುದಿಲ್ಲವೇ?

ಮಹಾಲಕ್ಷ್ಮಿ, ದಾದಿ, ನಾನು ಮೂವರೂ ಓಣಿ ಓಣಿ ತಿರುಗಿದೆವು. ಎಮ್ಮೆಯ ಹೊಟ್ಟೆಯ ಸುದ್ದಿ ನಮಗಿಂತ ಮುಂದೆ ಹೋಗಿದ್ದರಿಂದ ಬಹಳ ಮಾತು ಬೇಕಾಗಲಿಲ್ಲ. ಮಾಂಸದೂಟಕ್ಕೆ ನಮ್ಮ ಗಂಗಾಳ ಬಳಸಬೇಡಿ ಎಂದವರ ಗಂಗಾಳದ ಬೆನ್ನಿಗೆ ಮಹಾಲಕ್ಷ್ಮಿ ಹಳದಿ ಬಣ್ಣದ ಬೊಟ್ಟಿಟ್ಟಳು. ಆಯಾ ಮನೆಯವರ ಹೆಸರಿದ್ದ ಗಂಗಾಳವನ್ನೇ ಆರಿಸಿ ತಂದದ್ದರಿಂದ ಯಾರದು ಯಾವುದು ಎಂಬ ಗೊಂದಲವೂ ಇರಲಿಲ್ಲ. ಕಷ್ಟ ಕೊಟ್ಟವಳು ಮಾಸುಂಬಿ ಒಬ್ಬಳೇ. ಬಳೆ ಮಾರುವ ಈ ಹೆಂಗಸಿನ ನಾಲಿಗೆ ಊರಿಗೆಲ್ಲ ಪರಿಚಿತ. ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು:

"ರವಿಕಿ ತೋಳ ಹಿಂದ ಮುಂದ ಹಚ್ಚೋ ಹುಡುಗಿ ನನ್ನ ಗಂಗಾಳ ಕಾಯ್ತದಂತ?"

"ನಾ ಕಾಯ್ತೀನಿ ತಗೋ" ಅಂದಳು ದಾದಿ.

"ನೀ ಕಥಿ ಹೇಳ್ಕೊಂತ ಕುಂದರ್ತಿ ಚಾಚಿ." ಹಾಗಂದರೂ ಒಳಗೆ ಹೋಗಿ, ಸೆರಗಿನಿಂದ ಒರೆಸುತ್ತಾ ಒಂದು ಗಂಗಾಳ ತಂದಳು. "ನಮ್ಮವ್ವ ಕೊಟ್ಟಿದ್ದು. ಆಕಿ ಹೋದ ಮ್ಯಾಲ ಇದರಾಗ ನಾ ಉಂಡಿಲ್ಲ. ಕಳದ್ರ ನಿನ್ನ ಮಿಷಿನ್ ಹೊತಗೊಂಡು ಬರ್ತೀನಿ ನೋಡು ಅತೀಯಾ."

"ಕಳಿಯಂಗಿಲ್ಲ ಚಾಚಿ. ನನ್ನ ಮಾತು" ಅಂದೆ.

ಮದುವೆ ಚಂದ ಆಯಿತು. ಹಂದರದಡಿ ಪಂಕ್ತಿ ಪಂಕ್ತಿಯಾಗಿ ಕೂತವರು ಗೋಧಿ ಹುಗ್ಗಿ ಉಣ್ಣುತ್ತಾ ಎದುರಿಗಿನವರ ಗಂಗಾಳದ ಹೆಸರು ಓದುವುದೇ ಒಂದು ಆಟವಾಯಿತು. "ಲೇ, ನೀ ನಮ್ಮತ್ತಿ ಗಂಗಾಳದಾಗ ಉಣ್ಣಾಕತ್ತಿ, ಸ್ವಲ್ಪ ಗೌರವ ಕೊಟ್ಟು ಉಣ್ಣು!" ಹಳ್ಳದ ದಂಡೆಗೆ ಹೋದದ್ದು ಬಾಳೆಹಣ್ಣಿನ ಸಿಪ್ಪೆ ಮಾತ್ರ, ಅದನ್ನೂ ಆದೆಮ್ಮನ ಎಮ್ಮೆ ದಾರಿಯಲ್ಲೇ ಅಡ್ಡಹಾಕಿತು.

ಊಟ ಮುಗಿದ ಮೇಲೆ ನಾವು ಹೆಂಗಸರೆಲ್ಲ ಸೇರಿ ಗಂಗಾಳ ತೊಳೆದು ಬಿಸಿಲಿಗೆ ಒಣಗಿಸಿದೆವು. ಮೂರು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದವಳು ನಾನೇ. ಸುಮ್ಮನೆ ಹೊಲಿಯಬಹುದಿತ್ತು. ಆದರೆ ಅಂದು ಮನಸ್ಸು ಹಿಗ್ಗಿತ್ತು. ರವಿಕೆಯಿಂದ ಉಳಿದ ಕೆಂಪು ಜರಿಯ ಅಂಚು ಹಚ್ಚಿ, ಗಂಟಿಗೆ ಹೂವಿನಂತೆ ಕುಚ್ಚು ಬಿಟ್ಟೆ. ಹಂದರದ ಮೂಲೆಯಲ್ಲಿ ನೆರಳು ಇದ್ದದ್ದು ಆಯೇರಿ ಸಾಮಾನಿನ ಪಕ್ಕ ಮಾತ್ರ. ಅಲ್ಲೇ ಇಟ್ಟು ಮಹಾಲಕ್ಷ್ಮಿಯ ಹತ್ತಿರ ಹೋದೆ. ಆಕೆ ಹೊರಡುವ ಹೊತ್ತಾಗಿತ್ತು. ಇಬ್ಬರೂ ತಬ್ಬಿಕೊಂಡು ಅತ್ತೆವು. ಟೆಂಪೋ ಧೂಳೆಬ್ಬಿಸಿ ಹೋದ ಮೇಲೂ ನಾನು ರಸ್ತೆಯನ್ನೇ ನೋಡುತ್ತಾ, ಧೂಳಿನಲ್ಲಿ ಅದು ಎತ್ತಿನ ಗಾಡಿಯಂತೆ, ಆಮೇಲೆ ಹಡಗಿನಂತೆ ಕಾಣುತ್ತದಲ್ಲ ಎಂದುಕೊಳ್ಳುತ್ತಾ ನಿಂತಿದ್ದೆ.

ತಿರುಗಿ ಬಂದು ನೋಡಿದರೆ ಮೂಲೆ ಖಾಲಿ.

"ಬಾಲಪ್ಪ ಕಾಕಾ, ಚೀಲ ಎಲ್ಲಿ?"

ಮಹಾಲಕ್ಷ್ಮಿಯ ತಂದೆ ಬಾಲಪ್ಪ ಟವೆಲಿನಿಂದ ಬೆವರು ಒರೆಸಿಕೊಂಡು ಸಮಾಧಾನವಾಗಿ ಹೇಳಿದ: "ಯಾವ್ದೂ ಉಳಿದಿಲ್ಲವ್ವಾ, ಎಲ್ಲಾ ನಾ ನಿಂತು, ಹೊಲಿಗಿ ಸಂದ್ಯಾಗ ಹೆಸರು ನೋಡಿ ಏರ್ಸೀನಿ. ಹೆಸರಿಲ್ಲದ್ದು ಬಾಡಿಗಿ ಭಾಂಡೆದವಂಗ, ಹೆಸರು ಕೊರಸಿದ್ದೆಲ್ಲಾ ಹುಡುಗಿ ಟೆಂಪೋಕ್ಕ."

ಉಂಡ ಗಂಗಾಳ ಆಗಲೇ ಮನೆಮನೆಗೆ ಹೋದವು ಎಂದು ಆತ ತಿಳಿದಿದ್ದ. ನಮ್ಮ ಕಡೆ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಮದುವೆ ಹಂದರದಲ್ಲಿ ಹೆಸರಿರುವ ಭಾಂಡೆ ಅಂದರೆ ಆ ಹೆಸರಿನವರು ಕೊಟ್ಟ ಆಯೇರಿ. ಆಯೇರಿ ಹೋಗುವುದು ಮದುಮಗಳ ಜೊತೆ. ಅದರ ಮೇಲೆ ನನ್ನ ಜರಿಯ ಕುಚ್ಚು ಬೇರೆ! ಇಡೀ ಊರಿನ ಗಂಗಾಳ ಹಟ್ಟಿಗೆ ಹೋಗಿತ್ತು.

ಮರುದಿನ ಬೆಳಿಗ್ಗೆ ಆದೆಮ್ಮ ಮಗಳಿಗೆ ಫೋನು ಹಚ್ಚಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಫೋನು ಎತ್ತಿದ್ದು ಮಗಳಲ್ಲ, ಬೀಗತಿ ದುರ್ಗಾದೇವಿ. ಆಕೆಯ ಧ್ವನಿ ಸ್ಪೀಕರ್ ಹಾಕದೆಯೇ ಅಂಗಳದವರೆಗೆ ಕೇಳಿಸಿತು.

"ಏನ್ರೀ ಬೀಗ್ರ, ಎಂಥಾ ಊರ್ರೀ ನಿಮ್ದು! ಮನಿಗೊಂದು ಗಂಗಾಳ! ಇಷ್ಟು ವರ್ಷ ಚಿನ್ನದ ಗಣಿ ಮ್ಯಾಲ ಕುಂತೀವಿ, ಇಂಥಾ ಆಯೇರಿ ಈ ಕಾಲದಾಗ ಯಾರ ಮನಿಗೂ ಬಂದಿಲ್ರಿ. ಓಣಿ ಮಂದಿ ಸಾಲ ಹಚ್ಚಿ ನೋಡಾಕ ಬರಾಕತ್ತಾರ! ನನ್ನ ಸೊಸಿಗೆ ಇಡೀ ಊರಿಗೆ ಊರ ಹರಸೈತಿ ಅಂತ ಹೇಳೀನಿ. ಹಲೋ? ಬೀಗ್ರ, ಕೇಳಾಕತ್ತೈತೇನು?"

ಆದೆಮ್ಮ, "ಹೂಂರಿ, ಊಟ ಆತೇನ್ರಿ?" ಎಂದು ಫೋನು ಇಟ್ಟುಬಿಟ್ಟಳು.

"ನನ್ನ ಕೈಲಿ ಆಗಂಗಿಲ್ಲ ಅತೀಯಾ. ಕೊಟ್ಟ ಆಯೇರಿ ವಾಪಸ್ ಕೇಳಿದ್ರು ಅಂತ ನಾಳೆ ಆ ಓಣಿಯೆಲ್ಲಾ ಆಡ್ಕೊಂಡ್ರ? ನನ್ನ ಮಗಳು ನಿನ್ನೆ ಹೋಗ್ಯಾಳವ್ವಾ ಆ ಮನಿಗೆ. ಆಕಿ ತಲಿ ತಗ್ಗಿಸೋಹಂಗ ಮಾಡಬ್ಯಾಡ."

ಆದರೆ ಇತ್ತ ಕನಕರಾಯ ಎಂಬ ಗಾರೆ ಕೆಲಸದ ಗೌಂಡಿ ಹೊಸ ಮನೆ ಕಟ್ಟಿದ್ದ. ಭಾನುವಾರ ಆತನ ಮನೆ ತುಂಬುವ ಕಾರ್ಯ. ಗಂಗಾಳ ಸಿಗುತ್ತವೆ ಎಂದು ನಂಬಿ ಇಡೀ ಊರಿಗೆ ಊಟಕ್ಕೆ ಹೇಳಿದ್ದ. "ಶನಿವಾರ ಸಂಜಿ ತನಕ ನೋಡ್ತೀನಿ ತಂಗಿ. ಬರ್ಲಿಲ್ಲಂದ್ರ ಸಿಂಧನೂರಿಗೆ ಹೋಗಿ ಥರ್ಮಾಕೋಲ್ ತರ್ತೀನಿ, ಮತ್ತ ಬೈಬ್ಯಾಡ" ಅಂದ. ಮಾಸುಂಬಿ ನಮ್ಮ ಮನೆಗೇ ಬಂದು ನನ್ನ ಹೊಲಿಗೆ ಯಂತ್ರದ ಮೇಲೆ ಕೈ ಇಟ್ಟು, "ಇದರ ತೂಕ ಎಷ್ಟಿದ್ದೀತು?" ಎಂದು ಕೇಳಿ ಹೋದಳು. ತಮಾಷೆ ಮಾಡಿದಂತೆಯೇ ಇತ್ತು. ಆದರೆ ಹೋಗುವಾಗ ಆಕೆ ಮುಖ ಆಚೆ ತಿರುಗಿಸಿಕೊಂಡದ್ದನ್ನು ನಾನು ನೋಡಿದೆ.

ಗಂಗಾಳ ಬಾರದಿದ್ದರೆ ಇನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಕೇಳಿದರೆ ಮಹಾಲಕ್ಷ್ಮಿಯ ಮಾನ ಹೋಗುತ್ತದೆ. ರಾತ್ರಿಯಿಡೀ ಹೊರಳಾಡಿದೆ. ಬೆಳಿಗ್ಗೆ ದಾದಿ ಬುರ್ಖಾ ಹಾಕಿಕೊಂಡು ತಯಾರಾಗಿ ಕೂತಿದ್ದಳು.

"ನೀನ್ಯಾಕ ದಾದಿ, ಬಿಸಿಲಾಗ?"

"ನೀ ಒಬ್ಬಾಕಿ ಹೋದ್ರ ಕಿಟಕ್ಯಾಗ ಮೋಡ ನೋಡ್ಕೊಂತ ಹಟ್ಟಿ ದಾಟಿ ಹೋಗ್ತಿ. ನಡಿ ಬೇಟಿ. ಗಂಗಾಳ ಕೇಳೋದು ಬ್ಯಾಡ. ನಾ ಬಾವಿ ಕಥಿ ಹೇಳ್ತೀನಿ. ಶಾಣ್ಯಾ ಹೆಂಗಸಿದ್ರ ತಿಳ್ಕೋತಾಳ."

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹಟ್ಟಿ ಮುಟ್ಟುವಷ್ಟರಲ್ಲಿ ಗಣಿಯ ಸೈರನ್ ಕೂಗುತ್ತಿತ್ತು. ಒಂದು ಪಾಳಿಯವರು ತಲೆಯ ಮೇಲೆ ಟೊಪ್ಪಿಗೆ ಹಾಕಿಕೊಂಡು ಹೋಗುತ್ತಿದ್ದರು, ಇನ್ನೊಂದು ಪಾಳಿಯವರು ಕೆಂಪು ಕಣ್ಣಿನಿಂದ ಬಿಸಿಲು ನೋಡುತ್ತಾ ಬರುತ್ತಿದ್ದರು. ನೆಲದೊಳಗಿನ ರಾಜ್ಯದಿಂದ ಬಂದ ಜನ ಎಂದು ನನಗನಿಸಿತು. ಅವರಲ್ಲೊಬ್ಬ ನನ್ನನ್ನು ನೋಡಿ ಕೈಯೆತ್ತಿದ. ಮಹಾಲಕ್ಷ್ಮಿಯ ಗಂಡ ಹುಲಿಗೇಶ.

"ಬರ್ರಿ ಬರ್ರಿ. ಲಗ್ನ ಆಗಿ ಎರಡ ದಿನಕ್ಕ ರಜಾ ಮುಗಿಸ್ಯಾರ ನೋಡ್ರಿ ನಮ್ಮ ಗಣಿಯವರು" ಎಂದು ನಗುತ್ತಾ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದ.

ಒಂದೇ ತರಹದ ಮನೆಗಳ ಸಾಲಿನಲ್ಲಿ ಮಾವಿನ ತೋರಣ ಇದ್ದದ್ದು ಅವರ ಮನೆ. ದುರ್ಗಾದೇವಿ ಎದ್ದು ಬಂದು ದಾದಿಯ ಕೈ ಹಿಡಿದಳು. ದಪ್ಪ ಕುಂಕುಮ, ದಪ್ಪ ಧ್ವನಿ, ಅದಕ್ಕಿಂತ ದಪ್ಪ ನಗು. ಮಹಾಲಕ್ಷ್ಮಿ ಒಳಗಿನಿಂದ ಓಡಿ ಬಂದು ನನ್ನನ್ನು ನೋಡಿದವಳೇ ನೆಲ ನೋಡಿದಳು.

ನನ್ನ ಕಣ್ಣು ಗಂಗಾಳ ಹುಡುಕುತ್ತಿತ್ತು. ಗೋಡೆಯ ಬದಿಗೆ ಒಂದೇ ಒಂದು ಚೀಲ ಇತ್ತು, ಬಾಯಿ ಬಿಚ್ಚಿತ್ತು. ಉಳಿದೆರಡು ಇರಲಿಲ್ಲ.

ದಾದಿ ಚಹಾ ಕುಡಿದಳು, ಬಿಸಿಲಿನ ಸುದ್ದಿ ಹೇಳಿದಳು, ಆಮೇಲೆ ತಾನಾಗಿಯೇ ಬಂತು ಎಂಬಂತೆ ಬಾವಿಯ ಕಥೆ ತೆಗೆದಳು. ಅಷ್ಟು ಚಂದವಾಗಿ ಆಕೆ ಆ ಕಥೆ ಹೇಳಿದ್ದನ್ನು ನಾನೇ ಕೇಳಿರಲಿಲ್ಲ. ಕಳುವಾದ ಸಾಮಾನು ಈ ಸಲ ಗಂಗಾಳ. ದುರ್ಗಾದೇವಿ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಹುಲಿಗೇಶ ಗೋಡೆಗೆ ಒರಗಿದ್ದವನು ನಿದ್ದೆ ಹೋದ.

"...ಅವತ್ತಿಂದ ಬಾವಿ ನೀರು ಉಪ್ಪಾತು" ಎಂದು ದಾದಿ ನಿಲ್ಲಿಸಿ ಬೀಗತಿಯ ಮುಖ ನೋಡಿದಳು.

ದುರ್ಗಾದೇವಿ ಉಸಿರು ಬಿಟ್ಟಳು. "ಪಾಪ!" ಅಂದಳು.

"ಬಾವಿ ಪಾಪನೇ" ಅಂದಳು ದಾದಿ.

"ಬಾವಿ ಅಲ್ರಿ ಯವ್ವಾ, ಆ ಹೆಂಗಸು! ಆಕಿ ಮನ್ಯಾಗ ಗಂಗಾಳ ಇರ್ಲಿಲ್ಲೇನೋ. ಯಾರರ ಒಬ್ರು 'ಯಾಕವ್ವಾ ಇಟ್ಕೊಂಡಿ, ನಿನಗೇನು ಕಡಿಮಿ ಐತಿ' ಅಂತ ಕೇಳಿದ್ರೇನು? ಬಾವಿನೂ ಸಿಟ್ಟಿಗೆದ್ದು ಕುಂತ್ಬಿಡ್ತು. ಎಲ್ಲಾರಿಗೂ ಕೊಡೋ ಬಾವಿ ಒಂದು ಗಂಗಾಳಕ್ಕ ಇಷ್ಟು ಮುನಿಸ್ಕೊಳ್ಳೋದೇನ್ರಿ!"

ಇಷ್ಟು ವರ್ಷಗಳಲ್ಲಿ ದಾದಿಯ ಕಥೆಗೆ ಯಾರೂ ಹೀಗೆ ಎದುರು ಹೇಳಿರಲಿಲ್ಲ. ನನಗೆ ಒಂದು ಕಡೆ ಅಳು, ಒಂದು ಕಡೆ ನಗು. ಆ ಕಳ್ಳಿಯ ಮನೆಯಲ್ಲಿ ಏನು ಕಡಿಮೆಯಿತ್ತು ಎಂದು ನಾನೂ ಎಂದೂ ಯೋಚಿಸಿರಲಿಲ್ಲವಲ್ಲ!

ಆಗ ಬಾಗಿಲ ಹತ್ತಿರ ನಿಂತಿದ್ದ ಮಹಾಲಕ್ಷ್ಮಿ ಮುಂದೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಅತ್ತಿ, ಆ ಗಂಗಾಳ ಆಯೇರಿ ಅಲ್ರಿ."

"ಏನಂದಿ?"

"ಊರಾನವು. ನನ್ನ ಮದಿವಿ ಊಟಕ್ಕಂತ ಮನಿಮನಿಗೆ ಹೋಗಿ ನಾವ ತಂದಿದ್ವಿ. ನಮ್ಮಪ್ಪ ಹೆಸರು ನೋಡಿ ಆಯೇರಿ ಅನ್ಕೊಂಡು ತಪ್ಪಿ ಏರ್ಸ್ಯಾನ. ಚೀಲ ಬಿಚ್ಚಿದಾಗನ ನನಗ ಗೊತ್ತಾತು. ನೀವು ಅಷ್ಟ್ರಾಗ ಓಣಿ ಮಂದಿನೆಲ್ಲಾ ಕರ್ದಿದ್ರಿ. ನಿಮ್ಮ ಖುಷಿ ನೋಡಿ ನನಗ ಬಾಯಿ ಬರ್ಲಿಲ್ಲ." ಆಕೆ ನಮ್ಮಿಬ್ಬರ ಕಡೆ ಕೈ ತೋರಿಸಿದಳು. "ಇವ್ರು ಕೇಳಾಕ ಬಂದಾರ. ನಿಮ್ಮ ಮಾರಿ ನೋಡಿ ಇವ್ರಿಗೂ ಬಾಯಿ ಬರವಲ್ದು."

ಹುಲಿಗೇಶನಿಗೆ ಎಚ್ಚರವಾಗಿತ್ತು. ಆತ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಕಣ್ಣು ಮುಚ್ಚಿಕೊಳ್ಳುವುದೇ ವಾಸಿ ಎಂದು ಮುಚ್ಚಿಕೊಂಡ.

ನಗು ಹೋದ ಮೇಲೆ ದುರ್ಗಾದೇವಿಯ ಮುಖ ಸಣ್ಣದಾಗಿ ಕಂಡಿತು.

"ಓಣಿ ತುಂಬಾ ಹೇಳ್ಕೊಂಡು ಬಂದೀನಲ್ಲವ್ವಾ. ನಾ ಲಗ್ನ ಆಗಿ ಬಂದಾಗ ನನ್ನ ಜೋಡಿ ಒಂದ ಒಂದು ಗಂಗಾಳ ಬಂದಿತ್ತು. ನಮ್ಮತ್ತಿ ಸಾಯೋತನಕ ಆಡ್ಕೊಂಡ್ಳು. ನನ್ನ ಸೊಸಿಗೆ ಹಂಗಾಗ್ಲಿಲ್ಲ ಅಂತ ಹಿಗ್ಗಿದ್ದೆ. ಈಗ ಮಾರಿ ಎಲ್ಲಿ ಇಟ್ಕೊಳ್ಲಿ?"

ದಾದಿ ಎದ್ದು ಹೋಗಿ ಆಕೆಯ ಪಕ್ಕ ಕೂತಳು.

"ಬೀಗತಿ, ನೀ ಸುಳ್ಳೇನು ಹೇಳೀಯವ್ವಾ? ನಿನ್ನ ಸೊಸಿ ಮದಿವಿಗೆ ಇಡೀ ಊರು ಮನಿಗೊಂದು ಗಂಗಾಳ ಕೊಟ್ಟಿದ್ದು ಖರೇ ಐತಿ. ಮಾಸುಂಬಿ ಅಂತ ಒಬ್ಬಾಕಿ ಅದಾಳ. ಸತ್ತ ತಾಯಿ ಗಂಗಾಳ, ತಾನೂ ಉಣ್ಣಲಾರದ್ದು, ನಿನ್ನ ಸೊಸಿ ಊಟಕ್ಕಂತ ಕೊಟ್ಟಾಳ. ಯಾವ ಸಾವ್ಕಾರ ಕೊಡ್ತಾನ ಅಂಥಾದ್ದು? ಈಗ ಒಯ್ಯೋದು ಇನ್ನೊಬ್ರ ಮನಿ ಕಾರ್ಯಕ್ಕ. ಆಮ್ಯಾಲ ಮತ್ತೊಬ್ರ ಮನಿಗೆ. ಊರ ಹರಸಿದ ಹರಕಿ ಒಂದ ಮನ್ಯಾಗ ಕುಂದ್ರಬಾರ್ದವ್ವಾ, ತಿರಗಬೇಕು."

ದುರ್ಗಾದೇವಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ತಟ್ಟನೆ ತಲೆಯ ಮೇಲೆ ಕೈ ಹೊತ್ತಳು.

"ಒಯ್ಯಾಕ ಮನ್ಯಾಗ ಎಲ್ಲಿ ಅದಾವ್ರಿ! ಇವತ್ತು ನಮ್ಮ ಕ್ವಾರ್ಟರ್ಸಿನ ಮುಸರತ್ ಮನ್ಯಾಗ ಮೊಮ್ಮಗನ ತೊಟ್ಟಿಲ ಕಾರ್ಯ. 'ಅಕ್ಕಾ, ನಿಮ್ಮ ಸೊಸಿ ಗಂಗಾಳ ಕೊಡ್ರಿ' ಅಂದ್ಳು. ಅಲ್ಲಿ ಬಿರಿಯಾನಿ ಬಡಸಾಕತ್ತಾರ!"

ಬಿರಿಯಾನಿ! ನನಗೆ ಹಳದಿ ಬೊಟ್ಟುಗಳು ನೆನಪಾದವು. ಮಹಾಲಕ್ಷ್ಮಿ ನನ್ನ ಮುಖ ನೋಡಿ ಗೋಡೆಯ ಬದಿಯ ಚೀಲದ ಕಡೆ ಕಣ್ಣು ಸನ್ನೆ ಮಾಡಿದಳು. ಹೋಗಿ ಒಂದು ಗಂಗಾಳ ತಿರುಗಿಸಿ ನೋಡಿದೆ. ಬೆನ್ನಿಗೆ ಬೊಟ್ಟು. ಇನ್ನೊಂದು, ಬೊಟ್ಟು. ಬೊಟ್ಟಿನವನ್ನೆಲ್ಲ ಬೇರೆ ಆರಿಸಿಟ್ಟು ಉಳಿದವನ್ನಷ್ಟೇ ಕಳಿಸಿದ್ದಳು. ಬಾಯಿ ಬಾರದಿದ್ದರೂ ಕೈ ಊರಿನ ಮಾತು ಉಳಿಸಿತ್ತು. ಅಲ್ಲೇ ಆಕೆಯ ತೋಳು ಚಿವುಟಿದೆ.

"ಹಂಗಾರ ನಡ್ರಿ, ನಾವೂ ಉಣ್ಣೋಣು" ಅಂದಳು ದಾದಿ. "ತೊಟ್ಟಿಲ ಊಟ ಬಿಟ್ಟು ಹೋದ್ರ ಕೂಸಿಗೆ ಸಿಟ್ಟು ಬರ್ತೈತಿ."

ಮುಸರತ್‌ಳ ಮನೆ ಮೂರನೇ ಸಾಲಿನಲ್ಲಿ. ಗಣಿಯವರ ಹೆಂಡಿರು, ಮಕ್ಕಳು, ಪಾಳಿ ಮುಗಿಸಿ ಬಂದ ಗಂಡಸರು ನೆರಳಿನಲ್ಲಿ ಕೂತು ನಮ್ಮೂರಿನ ಗಂಗಾಳದಲ್ಲಿ ಉಣ್ಣುತ್ತಿದ್ದರು. ನನ್ನ ಮುಂದೆ ಬಂದ ಗಂಗಾಳದ ಅಂಚಿನಲ್ಲಿ ಮಾಸುಂಬಿಯ ಹೆಸರು! ಅದರ ಮೇಲೆ ಬಿರಿಯಾನಿ ಬೀಳುವಾಗ ಮನಸ್ಸಿನಲ್ಲೇ ಅವಳ ಕ್ಷಮೆ ಕೇಳಿದೆ. ಆದರೆ ಖರೆ ಹೇಳಬೇಕೆಂದರೆ, ಅಟ್ಟದ ಮೇಲೆ ಬೋರಲು ಬಿದ್ದಿದ್ದಕ್ಕಿಂತ ಆ ಗಂಗಾಳಕ್ಕೆ ಇದು ಹೆಚ್ಚು ಒಪ್ಪುತ್ತಿತ್ತು.

ಊಟವಾದ ಮೇಲೆ ನಲ್ಲಿಯ ಕಟ್ಟೆಯ ಹತ್ತಿರ ಹೆಂಗಸರೆಲ್ಲ ತೊಳೆಯಲು ಕೂತೆವು. ದುರ್ಗಾದೇವಿ ಬೂದಿ ಹಚ್ಚುತ್ತಾ ಒಂದು ಗಂಗಾಳವನ್ನು ಬಿಸಿಲಿಗೆ ಹಿಡಿದು ಹೆಸರು ಓದಿದಳು.

"ಈ ಹಸನ್‌ಸಾಬ್ ಯಾರು?"

"ಹಾಸಿಗಿ ಹೊಲಿಯೋ ಮುತ್ಯಾ, ಅತ್ತಿ" ಅಂದಳು ಮಹಾಲಕ್ಷ್ಮಿ. "ನನ್ನ ಮದಿವಿ ಗಾದಿ ಆತನೇ ಹೊಲಿದಾನ. ಕಣ್ಣು ಕಾಣಂಗಿಲ್ಲ, ಕೈ ಕಾಣ್ತಾವ ಅಂತಾನ."

"ಈ ಕನಕರಾಯ?"

"ಗೌಂಡಿ. ಬಾಳ ನಗಸ್ತಾನ. ಎಲ್ಲಾರ ಮನಿ ಕಟ್ಟಿ ಈಗ ತನ್ನ ಮನಿ ಕಟ್ಟ್ಯಾನ."

"ಮಾಸುಂಬಿ? ಓ, ಆ ತಾಯಿ ಗಂಗಾಳದಾಕಿ." ಆ ಗಂಗಾಳವನ್ನು ದುರ್ಗಾದೇವಿ ಎರಡು ಸಲ ತೊಳೆದಳು.

ಹೀಗೆ ಒಂದೊಂದು ಹೆಸರಿಗೂ ಒಂದೊಂದು ಮಾತು. ಮಾತಾಡುತ್ತಾ ಆಡುತ್ತಾ ಮಹಾಲಕ್ಷ್ಮಿಗೆ ತವರು ನೆನಪಾಗಿ ಕಣ್ಣು ತುಂಬಿದವು. ಅತ್ತೆ ಬೂದಿಯ ಕೈಯಿಂದಲೇ ಒರೆಸಲು ಹೋಗಿ ಗಲ್ಲಕ್ಕೆಲ್ಲ ಬೂದಿ ಮಾಡಿದಳು. ಸುತ್ತಲಿದ್ದವರು ನಕ್ಕರು. ಮುಸರತ್ ಕೇಳಿದಳು: "ಅಕ್ಕಾ, ಮುಂದಿನ ತಿಂಗಳ ನಮ್ಮ ತಂಗಿ ಮಗಳ ಮದಿವಿ. ಗಂಗಾಳ ಕೊಡ್ತೀರಿಲ್ಲ?"

ದುರ್ಗಾದೇವಿ ಎದ್ದು ನಿಂತಳು. ಸೊಂಟದ ಮೇಲೆ ಕೈ ಇಟ್ಟಳು. ದಪ್ಪ ಧ್ವನಿ ವಾಪಸ್ ಬಂದಿತ್ತು.

"ಕೇಳ್ರಿ ಎಲ್ಲಾರೂ. ಇವು ನನ್ನವಲ್ಲ, ನನ್ನ ಸೊಸಿ ಊರಿನವು. ಆಯೇರಿ ಅಂತ ನಾ ಡಂಗುರ ಸಾರಿದ್ದೆ, ತಪ್ಪಿ ಬಂದಿದ್ವು. ಇವತ್ತ ವಾಪಸ್ ಹೊಂಟಾವ, ಅಲ್ಲೊಂದು ಮನಿ ಕಾರ್ಯ ಐತಿ." ಯಾರಾದರೂ ನಗುತ್ತಾರೇನೋ ಎಂದು ಸುತ್ತ ನೋಡಿದಳು. ಯಾರೂ ನಗಲಿಲ್ಲ. "ಅವರೂರಾಗ ಮನಿಗೊಂದು ಕೊಟ್ಟಾರಂದ್ರ ನಮಗೇನು ದಾಡಿ? ನಾಡಿದ್ದು ಈ ಮೂರೂ ಸಾಲಿನಾಗ ಮನಿಗೊಂದು ಗಂಗಾಳ ನನ್ನ ಹತ್ರ ಬರಬೇಕು. ನಾನ ಕಾಯ್ತೀನಿ, ನನ್ನ ಸೊಸಿ ಬೊಟ್ಟು ಹಚ್ತಾಳ. ಕೊಡ್ಲಾರದವರ ಮನಿ ಮದಿವ್ಯಾಗ ಮಂದಿ ಅಂಗೈಯಾಗ ಉಣ್ಣಲಿ!"

"ನಂದು ಮೊದಲ್ನೇದು" ಅಂದಳು ಮುಸರತ್. ಇನ್ನೊಬ್ಬಾಕೆ, "ನಮ್ಮನ್ಯಾಗ ಎರಡದಾವ, ಒಂದು ಸೊಟ್ಟ ಐತಿ, ನಡೀತೈತೇನು?" ಅಂದಳು. "ನಿನ್ನ ಗಂಡಂಗ ಅದರಾಗ ನೀಡು, ಚೊಲೋದು ನನಗ ಕೊಡು" ಅಂದಳು ದುರ್ಗಾದೇವಿ.

ಸಂಜೆಯ ಬಸ್ಸಿಗೆ ಹುಲಿಗೇಶ ಚೀಲ ಏರಿಸಿಕೊಟ್ಟ. ಕಂಡಕ್ಟರ್ ಚೀಲ ತಟ್ಟಿ ನೋಡಿ, "ನಿಮಗ ಫ್ರೀ ಐತಿ ಅಮ್ಮಾರ, ಗಂಗಾಳಕ್ಕಿಲ್ಲ" ಅಂದ.

"ಹೆಸರು ಓದಪ್ಪಾ" ಅಂದಳು ದಾದಿ. "ಬಾಳ ಮಂದಿ ಹೆಣ್ಮಕ್ಳ ಅದಾರ ಅದರಾಗ. ಹೆಣ್ಮಕ್ಳಿಗೆ ಬಸ್ಸು ಫ್ರೀ ಹೌದಲ್ಲೋ?"

"ಆಧಾರ್ ಕಾರ್ಡ್ ಅದಾವೇನು ಅವಕ್ಕ?"

"ಹೆಸರ ಸ್ಟೀಲಿನ ಮ್ಯಾಲ ಕೊರದೈತಿ, ಇನ್ನೆಂಥಾ ಕಾರ್ಡ್ ಬೇಕೋ ನಿನಗ?"

ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಗುತ್ತಲೇ ಲಗೇಜು ಟಿಕೆಟ್ ಹರಿದು ಕೊಟ್ಟ. ನಾನು ಕಿಟಕಿಯಲ್ಲಿ ಮೋಡ ನೋಡಲಿಲ್ಲ. ಇಳಿಯುವ ತನಕ ಚೀಲಗಳ ಮೇಲೆ ಕಾಲಿಟ್ಟುಕೊಂಡು ಕೂತೆ.

ಮನೆಗೆ ಬಂದು ಚೀಲ ಬಿಚ್ಚಿ ಜೋಡಿಸುವಾಗ ದಾದಿ ಕೂಗಿದಳು: "ಯಾ ಅಲ್ಲಾ! ಇದ್ಯಾರದು?"

ಅಂಚು ಸವೆದ ಹಳೆಯ ಗಂಗಾಳ. ಮೇಲೆ ಮೊಳೆಯಿಂದ 'ಚಿ. ದುರ್ಗಾದೇವಿ' ಎಂದು ಕೊರೆದಿತ್ತು.

"ಮಂದಿ ಸಾಮಾನು ಬಂದೈತಿ ಬೇಟಿ! ಬಾವಿನೇ ಕಳವು ಮಾಡಿದಂಗಾತು. ಮೊದಲ ಫೋನ ಹಚ್ಚು, ನಾಳೆನ ಕೊಟ್ಟು ಬರೋಣು!"

ಫೋನು ಹಚ್ಚಿದೆ. ದುರ್ಗಾದೇವಿಯ ಧ್ವನಿ ಮತ್ತೆ ಅಂಗಳದವರೆಗೆ ಹೋಯಿತು.

"ತಪ್ಪಿ ಬಂದಿಲ್ರಿ ಅದು, ನಾನ ಹಾಕೀನಿ. ನಾ ಮದಿವ್ಯಾಗಿ ಬಂದಾಗ ತಂದ ಗಂಗಾಳ ಅದ. ಅಲ್ಲಿ ನಾಕು ಮಂದಿ ಅದರಾಗ ಉಣ್ಣಲಿ. ನಿಮ್ಮೂರಾಗ ನಂದೂ ಒಂದು ಹೆಸರು ಇರ್ಲಿ."

ನಾನು ಫೋನು ಇಟ್ಟ ಮೇಲೂ ದಾದಿ ಆ ಗಂಗಾಳವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. "ಈ ಕಥಿ ನನಗ ಯಾರೂ ಹೇಳಿದ್ದಿಲ್ಲ ನೋಡು" ಅಂದಳು.

ಭಾನುವಾರ ಕನಕರಾಯನ ಹೊಸ ಮನೆಯ ಅಂಗಳದಲ್ಲಿ ಸುಣ್ಣದ ವಾಸನೆಯ ನಡುವೆ ಪಂಕ್ತಿ ಕೂತಿತು. ಮಾಸುಂಬಿ ತನ್ನ ತಾಯಿಯ ಗಂಗಾಳವನ್ನು ಹಿಂದೆ ಮುಂದೆ ತಿರುಗಿಸಿ, ಸಣ್ಣ ಗೀರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡಳು. ಮನೆಗೆ ಒಯ್ಯುತ್ತಾಳೇನೋ ಎಂದುಕೊಂಡೆ. ಆಕೆ ಅದನ್ನು ಎದುರು ಕೂತಿದ್ದ ಪಕ್ಕದೂರಿನ ಅಜ್ಜಿಯ ಮುಂದೆ ಇಟ್ಟು, ತಾನು ರಾಶಿಯಿಂದ ಇನ್ನೊಂದನ್ನು ಎಳೆದುಕೊಂಡಳು.

"ದುರ್ಗಾದೇವಿ" ಎಂದು ಓದಿದಳು. "ಯಾರಿದ್ದಾಳು ಈಕಿ? ನಮ್ಮೂರಾಗ ಈ ಹೆಸರಿನಾಕಿ ಯಾರೂ ಇಲ್ಲಲ್ಲ?"

"ಅದಾ ಚಾಚಿ? ಅದೊಂದು ದೊಡ್ಡ ಕಥಿ ಐತಿ" ಎಂದು ನಾನು ಹುಗ್ಗಿಯ ಬಕೆಟ್ ಕೆಳಗಿಟ್ಟು ಶುರು ಮಾಡಿದೆ. "ಒಂದೂರಾಗ ಒಂದು ಬಾವಿ ಇತ್ತು..."

"ಮೊದಲ ಹುಗ್ಗಿ ನೀಡ ಬೇ" ಅಂದಳು ಮಾಸುಂಬಿ, ಗಂಗಾಳ ಮುಂದೆ ಹಿಡಿದು. "ತುಪ್ಪಾನೂ ಹಾಕು. ಕಥಿ ತಂಪಾಗಂಗಿಲ್ಲ."